ಮುಚ್ಚಳ

ಬಿಸ್ಕೀಟಿನ ಡಬ್ಬಿ. ಮುಚ್ಚಳ ಜಂಗು ಹಿಡಿದು
ಚಮಚದ ಹಿಡಿಕೆ ಹಾಕಿ ಮೀಟಬೇಕಾಯಿತು.
ಒಳಗೆ ಎಕ್ಸ್‌ರೇ ಹಾಳೆಯ ಹಳದಿ ಲಕೋಟೆಗಳಲ್ಲಿ
ಮೂವತ್ತು ವರ್ಷದ ನೆಗೆಟಿವ್‌ಗಳು,
ಮತ್ತು ಇನ್ನೂ ಆರದ ಹೈಪೋ ವಾಸನೆ.

ಸರಕಾರಿ ಹೈಪೋ ಅದು. ಈಗ ಹೇಳಬಹುದು.
ದೊಡ್ಡ ದವಾಖಾನೆಯ ಕತ್ತಲೆ ಕೋಣೆಯಲ್ಲಿ
ಹಗಲೆಲ್ಲ ಊರವರ ಪಕ್ಕೆಲುಬು ತೊಳೆದು ತೂಗಹಾಕಿ
ರಾತ್ರಿ ಪಾಳಿಯಲ್ಲಿ, ಕೆಂಪು ದೀಪವನ್ನೂ ಆರಿಸಿ,
ದುರ್ಗದಬೈಲಿನ ಕಾಯಿಪಲ್ಲೆ ಗಾಡಿ ತೊಳೆಯುತ್ತಿದ್ದೆ,
ಉಣಕಲ್ ಕೆರೆ ದಂಡೆಯ ಎಮ್ಮೆ ತೊಳೆಯುತ್ತಿದ್ದೆ.
ಒಮ್ಮೆ ಯಾರದೋ ಮೊಣಕಾಲು, ನನ್ನ ಎಮ್ಮೆ
ಒಂದೇ ತಂತಿಗೆ ಒಣಗಿದ್ದವು.
ಡಾಕ್ಟರು ನೋಡಿ ಅಂದರು:
"ಗಾಣಿಗೇರ, ಇದಕ್ಕ ಫ್ರ್ಯಾಕ್ಚರ್ ಇಲ್ಲ ಬಿಡು."

ಈಗ ರವಿವಾರಕ್ಕೊಮ್ಮೆ ಕೊಪ್ಪೀಕರ ರಸ್ತೆಯಲ್ಲಿ
ಬೈಂಡಿಂಗ್ ಅಂಗಡಿಯ ಮಾಳಿಗೆ ಮೇಲೆ
ಕ್ಯಾಮೆರಾ ಹುಚ್ಚಿನವರು ಕೂಡುತ್ತಾರೆ.
ಹಳೇವು ಇದ್ರ ತರ್ರಿ ಸರ್, ಅಂದಿದ್ದರು.
ಭೂಮಿಕಾ ಸ್ಕ್ಯಾನ್ ಮಾಡಿ
ಬಿಳಿ ಧೋತರದ ಪರದೆ ಮೇಲೆ ಒಂದೊಂದೇ ಬಿಟ್ಟಳು.

ಎಮ್ಮೆಗೆ ನಕ್ಕರು. ಗಾಡಿ ವಾರೆಯಾಗಿದೆ ಅಂದರು.
ವಾರೆ ಖರೆ. ಆಗ ಬೆನ್ನಿಗೆ ಟಾಂಗಾ ಹಾಯ್ದಿತ್ತು.
ಪತ್ತಾರ ರಾಘು, ಮದುವೆ ಫೋಟೋದಲ್ಲೇ ಹೊಟ್ಟೆ ಹೊರೆಯುವವ,
ಆಕಳಿಸಿದ; ನೋಡಿಯೂ ನೋಡದ ಹಾಗೆ ಕೂತೆ.

ಆಮೇಲೆ ಕಟಿಂಗ್ ಅಂಗಡಿ ಬಂತು.
ಹಳೇ ಹುಬ್ಬಳ್ಳಿ, ಎಂಬತ್ನಾಲ್ಕನೇ ಇಸವಿ.
ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ, ಹಲಗೆಯ ಮೇಲೆ ಹುಡುಗ,
ಕೊರಳತನಕ ಬಿಳಿ ಬಟ್ಟೆ, ಕಣ್ಣು ಮುಚ್ಚಿ
ಕತ್ತರಿಯ ಸಪ್ಪಳಕ್ಕೇ ಕಚಗುಳಿಯಾದವನಂತೆ ನಗುತ್ತಾನೆ.
ಬಾಗಿಲಿನ ಮಣಿ ಪರದೆಯಿಂದ ಬೆಳಕು
ಅವನ ಅರ್ಧ ತಲೆಯ ಮೇಲೆ ಕಾಳು ಕಾಳಾಗಿ.

ಯಾರೂ ಮಾತಾಡಲಿಲ್ಲ. ರಾಘು ಎದ್ದು ನಿಂತ.
"ಸರ್, ಇಂಥಾದ್ದು ಒಂದ ತೆಗದು ಸಾಯಬೇಕ್ರಿ."
ಧಾರವಾಡದ ಪ್ರದರ್ಶನದಲ್ಲಿ ಎರಡನೇ ಬಹುಮಾನ, ಅಂದೆ.
ಮೆಲ್ಲಗೇ ಅಂದೆ,
ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಭೂಮಿಕಾ ಮೂಲೆಯ ಕನ್ನಡಿಯನ್ನು ಹಿಗ್ಗಿಸಿದಳು.
"ಇದರಾಗ ನೀವ ಅದೀರಿ ಸರ್! ಎಷ್ಟ ತೆಳ್ಳಗಿದ್ರಿ!"
ಆಗಿನ ಪ್ರಿಂಟಿನಲ್ಲಿ ಉಗುರಿನಷ್ಟಿದ್ದ ಕನ್ನಡಿ
ಗೋಡೆಯಷ್ಟಾಯಿತು.
ಕ್ಯಾಮೆರಾ ಮುಖಕ್ಕೊತ್ತಿದ ಒಬ್ಬ. ಮುಖವಿಲ್ಲ.
ಲೆನ್ಸಿನ ಸುತ್ತ ಒಂದು ಕೈ. ಆ ಕೈಯಲ್ಲಿ
ತೋರುಬೆರಳು ನಡುವಿಗೇ ಮುಗಿದಿತ್ತು.

ಮುಖಕ್ಕಿಂತ ಎಲುಬು ನೋಡಿದ್ದೇ ಹೆಚ್ಚು ನಾನು.
ರೈಲ್ವೆ ವರ್ಕ್‌ಶಾಪಿನ ಲೇಥು ಕಡಿದ ಆ ಬೆರಳನ್ನು
ಪ್ಲೇಟಿನ ಮೇಲೆ ಚಾಚಿಸಿ, ಪಕ್ಕಕ್ಕೆ ಸೀಸದ ಅಕ್ಷರ ಇಟ್ಟು,
ರೂಢಿಯಂತೆ "ಉಸಿರು ಹಿಡೀರಿ" ಅಂದಿದ್ದೆ.
ಬೆರಳಿಗ್ಯಾಕ್ರಿ ಉಸಿರು, ಅಂತ
ಆ ನೋವಿನಲ್ಲೂ ನಕ್ಕಿದ್ದ ದಾವಲಸಾಬ.
ಹಾಗೆ ಗೆಳೆಯನಾದ. ಅರ್ಧರ್ಧ ರೊಕ್ಕ ಹಾಕಿ
ಯಾರೋ ಬಳಸಿ ಬಿಟ್ಟ ಝೆನಿತ್ ಕೊಂಡೆವು.
ಒಂದು ವಾರ ಅವನದು, ಒಂದು ವಾರ ನನ್ನದು,
ವಾರ ಯಾರದಾದರೂ ತಿರುಗುವುದು ಇಬ್ಬರೂ ಕೂಡಿ,
ರೋಲು ಇಬ್ಬರಿಗೂ ಒಂದೇ. ತೊಳೆಯುವವ ನಾನು.
ಫಾರ್ಮು ತುಂಬಿದವನೂ ನಾನು; ನನ್ನ ಅಕ್ಷರ ಚಂದ.

ಬಹುಮಾನದ ದಿನ ಮುಂದಿನ ಸಾಲಿನಲ್ಲಿ ಕೂತು
ಆ ಒಂಬತ್ತೂವರೆ ಬೆರಳಿನಿಂದ ಚಪ್ಪಾಳೆ ಹೊಡೆದ.
ಹೊರಗೆ ಗಿರ್ಮಿಟ್ ತಿನ್ನಿಸಿದ, ರೊಕ್ಕ ಕೊಡಗೊಡಲಿಲ್ಲ.
ಅವನಿಗೆ ಗೊತ್ತಿತ್ತೇ?
ಗುಂತಕಲ್ಲಿಗೆ ವರ್ಗವಾಗಿ ಹೋಗುವಾಗ
ಕ್ಯಾಮೆರಾ ನನ್ನಲ್ಲೇ ಬಿಟ್ಟ.
"ನಿನ್ನ ಕೈ ಛಲೋ ಐತಿ" ಅಂದ.
ಕೈ ಅಂದ. ಕಣ್ಣು ಅನ್ನಲಿಲ್ಲ.

ಪರದೆ ಮೇಲೆ ಇನ್ನೂ ಅದೇ ಚಿತ್ರ. ಚಹಾ ಬಂತು.
ರಾಘು ಬಶಿಗೆ ಸುರಿದು ಮೊದಲು ನನಗೆ ಕೊಟ್ಟ.
ಇದು ನನ್ನದಲ್ಲರೋ, ಅನ್ನಲು ಬಾಯಿ ತೆರೆದೆ.
ಬಾಯಿಂದ ಬಂದದ್ದು, "ಸಕ್ಕರಿ ಜಾಸ್ತಿ ಆತು."

"ಸರ್, ನಿಮ್ಮ ಬಾಜೂಕ ಇದ್ಯಾರ ಕೈ?"
ಭೂಮಿಕಾ ಇನ್ನೂ ಹಿಗ್ಗಿಸುತ್ತಿದ್ದಳು.
ಕನ್ನಡಿಯ ಅಂಚು ತುಂಡರಿಸಿದ ಒಂದು ಮುಂಗೈ,
ಎಚ್‌ಎಂಟಿ ವಾಚು, ಡೆವಲಪರಿನ ಕರೆ ಹತ್ತಿದ ಉಗುರು,
ಎರಡು ಬೆರಳ ನಡುವೆ ಜೋಪಾನ ಹಿಡಿದ
ಕರಿ ಮುಚ್ಚಳ, ಲೆನ್ಸಿನದು.

"ಅದು," ಅಂದೆ, "ಅದಽ ನಂದು, ತಂಗೀ."