ನೀರು ಇಳಿದಾಗ ತೆರೆದಿರುತ್ತದೆ

ಚೀಟಿ ಹಣ ಎತ್ತಿ ಗ್ರೀಸಿಗೆ ಹೋಗುವುದೆಂದು
ನಮ್ಮಿಬ್ಬರಲ್ಲಿ ಮಾತಾಗಿತ್ತು.
ಜುಲಿಯಾನಾ ಮೆಗ್ಗಾನ್ ಆಸ್ಪತ್ರೆಯಲ್ಲಿ ನರ್ಸು.
ನಾನು ಶಿವಮೊಗ್ಗ ಬಸ್‌ಸ್ಟ್ಯಾಂಡಿನ ರಿಸರ್ವೇಶನ್ ಕಿಟಕಿಯೊಳಗೆ
ಇಪ್ಪತ್ತೆರಡು ವರ್ಷ
ಕಂಡವರ ಊರುಗಳ ಹೆಸರು ಒತ್ತಿದವಳು.
ಗಾಂಧಿ ಬಜಾರಿನ ರದ್ದಿಯಲ್ಲಿ ಅವಳಿಗೆ ಸಿಕ್ಕ ಗೈಡ್ ಬುಕ್ಕು
ಒಂದೇ ದ್ವೀಪದ್ದು: ನಾಕ್ಸೋಸ್.
ನನ್ನ ಬಾಯಲ್ಲಿ ಅದು
ನಕ್ಕು ಸೋಸಿದ ಹಾಗೆ ಕೇಳುತ್ತಿತ್ತಂತೆ.

ಚೀಟಿ ನಡೆಸುವಾತ ಫೆಬ್ರವರಿಯಲ್ಲಿ ಕಾಣೆಯಾದ.
ಪುಸ್ತಕ ಉಳಿಯಿತು.

"ದ್ವೀಪ ಅಂದರೆ ದ್ವೀಪ ತಾನೇ" ಎಂದಳು ಜುಲಿಯಾನಾ
ಮೇ ತಿಂಗಳ ಎರಡನೇ ಶನಿವಾರ.
ಸಾಗರದ ಬಸ್ಸು, ಅಲ್ಲಿಂದ ಹೊಳೆಬಾಗಿಲು, ಲಾಂಚು.
ಸೇತುವೆಯ ಕಂಬಗಳೆದ್ದು ರಸ್ತೆ ಇನ್ನೂ ಬಾರದಿದ್ದ ವರ್ಷ.
ಕಂಬಿಗೆ ಒರಗಿ ಅವಳು ಕನ್ನಡ ಮಾಡಿ ಓದಿದಳು:
ಹಡಗಿನಿಂದ ಮೊದಲು ಕಾಣುವುವು ಕಲ್ಲಿನ ಕಂಬಗಳು,
ಹೊರುವುದಕ್ಕೆ ಏನೂ ಇಲ್ಲದವು.
ಎಣಿಸಿದೆ.
ನಮ್ಮವೇ ಹೆಚ್ಚಿದ್ದವು.

ಆಮೇಲೆ ಬೀಚು.
ಹಿನ್ನೀರು ಇಳಿಯುತ್ತ ಇಳಿಯುತ್ತ
ದಂಡೆಯಲ್ಲಿ ವಾರಕ್ಕೊಂದು ಗೆರೆ ಬಿಟ್ಟಿತ್ತು,
ಮಕ್ಕಳ ಎತ್ತರ ಗೋಡೆಗೆ ಗೀಚಿದ ಹಾಗೆ, ಆದರೆ ಕೆಳಮುಖವಾಗಿ.
ಕೆಂಪು ಮಣ್ಣು, ಬಿರುಕು, ಬಾಯಿ ತೆರೆದ ಚಿಪ್ಪುಗಳು,
ಅರವತ್ತು ವರ್ಷ ಮುಳುಗಿದ್ದೂ
ಕೊಳೆಯಲು ಒಪ್ಪದ ಮರದ ಬೊಡ್ಡೆಗಳು.
ಸೀರೆ ಮೊಣಕಾಲಿಗೆ ಸಿಕ್ಕಿಸಿ, ಟವೆಲ್ ಹಾಸಿ
ಜುಲಿಯಾನಾ ಮಲಗಿಯೇಬಿಟ್ಟಳು ಬಿಸಿಲು ಕಾಯಲು.
ಎಮ್ಮೆಯೊಂದು ಬಂದು ನಿಂತು ನೋಡಿತು.
"ಇದು ಇದೆಯೇನೇ ಪುಸ್ತಕದಲ್ಲಿ?"
"ಕತ್ತೆ ಇದೆ."

ಹಳ್ಳಿ ಎಂದರೆ ಮೂರು ಮನೆ.
ಚಿತ್ರದ ಸುಣ್ಣದ ಬೀದಿ ಹುಡುಕಿದರೆ
ಬಿಳಿಯದು ಬೆಳ್ಳಕ್ಕಿ ಮಾತ್ರ;
ನೀಲಿ, ಕೊಟ್ಟಿಗೆಗೆ ಹೊದೆಸಿದ ತಾಡಪಾಲು.
ಆಲಿವ್ ಕಾಯಿಯ ಪುಟ ತೋರಿಸಿದ್ದಕ್ಕೆ
ಬಂಗಾರಮ್ಮ ಭರಣಿಗೆ ಕೈ ಹಾಕಿ
ಉಪ್ಪುನೀರಿನ ನೆಲ್ಲಿಕಾಯಿ ಇಟ್ಟಳು ಅಂಗೈಯಲ್ಲಿ.
ನೀರು ಕುಡಿದೆವು. ಸಿಹಿಯಾಯಿತು.

ಮಧ್ಯಾಹ್ನ ಅವಳ ಗಂಡ ಕೆರಿಯಣ್ಣ
ಮೀನುಬಲೆ ಬದಿಗೆ ಸರಿಸಿ ದೋಣಿಯಲ್ಲಿ ಕೂರಿಸಿಕೊಂಡ.
"ನೋಡುವಂಥದ್ದು ಏನಿದೆ?" ಎಂದು ನಾವು,
"ಏನಿತ್ತು ಅಂತ ಕೇಳಿ" ಎಂದು ಅವನು.
ತುಸು ಹೊತ್ತು ಹುಟ್ಟಿನ ಸದ್ದು.
ಆಮೇಲೆ ಒಂದು ದಿಬ್ಬ.
ದಿಬ್ಬದ ಮೇಲೆ, ಗೋಡೆಯಿಲ್ಲದೆ, ಸೂರಿಲ್ಲದೆ,
ಬಾಗಿಲಿನ ಎರಡು ಕಲ್ಲುಗಂಬ.
ಮೇಲಿನ ಅಡ್ಡಕಲ್ಲೂ ಇಲ್ಲ.
ಜುಲಿಯಾನಾ ಸರಸರ ಪುಟ ತಿರುವಿದಳು.
ಅಲ್ಲೂ ಅದೇ! ಸಮುದ್ರದ ಎದುರು
ಒಂಟಿ ಬಾಗಿಲು, ಅಮೃತಶಿಲೆಯದು,
ದೇವಸ್ಥಾನ ಮುಗಿಯಲೇ ಇಲ್ಲವಂತೆ.
"ನಮ್ಮದು ಮುಗಿದಿತ್ತು" ಎಂದ ಕೆರಿಯಣ್ಣ.

ಚಿತ್ರವನ್ನು ಬೆರಳಿನ ಒದ್ದೆ ಒರೆಸಿಕೊಂಡು ಮುಟ್ಟಿದ.
ನಾಲ್ಕು ಸುತ್ತಲೂ ಅಷ್ಟು ನೀರು ಕಂಡು ಕೇಳಿದ:
"ಯಾವ ಡ್ಯಾಮಿಂದ ಆಗಿದ್ದು ಇದು?"

ನಾವಿಬ್ಬರೂ ಓದಿದವರು.
ಡ್ಯಾಮಲ್ಲ, ಅದು ಹುಟ್ಟಿದ್ದೇ ಹಾಗೆ ಎಂದೆ.
ನಂಬಲಿಲ್ಲ.
ನೆಲ ತಾನಾಗಿ ಯಾಕೆ ಒಂಟಿಯಾದೀತು ಎಂಬಂತೆ
ಇನ್ನೊಮ್ಮೆ ನೋಡಿ ಪುಸ್ತಕ ವಾಪಸು ಕೊಟ್ಟ.

ಆಮೇಲೆ, ಬೀಡಿ ಕಿವಿಗೆ ಸಿಕ್ಕಿಸಿಕೊಂಡು,
ಸುತ್ತ ಎಲ್ಲಿಂದಾದರೂ ನಡೆಯಬಹುದಿತ್ತು, ಬಯಲು ತಾನೆ,
ಕೆರಿಯಣ್ಣ ಆ ಕಂಬಗಳ ನಡುವಿನಿಂದಲೇ ದಾಟಿದ.
ದಾಟುವಾಗ ತಲೆ ತಗ್ಗಿಸಿದ.
ಮನೆ ಮುಳುಗಿದ ವರ್ಷ ಅವನು ತೊಟ್ಟಿಲಲ್ಲಿದ್ದವನು.
ಅಪ್ಪ ಬೇಸಿಗೆ ಬೇಸಿಗೆ ಕರೆತಂದು
ಹೀಗೇ ದಾಟುತ್ತಿದ್ದನಂತೆ.

ಜುಲಿಯಾನಾ ಬಗ್ಗಿದಳು. ನಾನೂ.
ಇಲ್ಲದ ಕಲ್ಲು ನೆತ್ತಿಗೆ ತಾಗಲಿಲ್ಲ.

ವಾಪಸು ಬರುವಾಗ ದೋಣಿಯೊಳಗಿನ ನೀರು ಕುಡಿದು
ನಾಕ್ಸೋಸಿನ ನಕ್ಷೆ ಉಬ್ಬಿಕೊಂಡಿತ್ತು.
ನೋಡುವ ಹೊತ್ತು, ರಜೆಯ ದಿನ ಎಂಬ ಪುಟದ ಅಂಚಿನಲ್ಲಿ
ಅವಳು ಪೆನ್ಸಿಲಿನಿಂದ ಬರೆದಳು,
ಔಷಧಿ ಚೀಟಿಯ ಅಕ್ಷರ, ನನಗೆ ಮಾತ್ರ ಓದಲು ಬರುವಂಥದ್ದು:
ನೀರು ಇಳಿದಾಗ ತೆರೆದಿರುತ್ತದೆ.
ಜ್ಯೇಷ್ಠದಿಂದ ಬಾಗಿಲು ಹಾಕಿದೆ.
ಬಗ್ಗಿ.