ಒಂದು ಬಕೆಟ್ಟಿಗೆ ಎಷ್ಟು ಹೊತ್ತು

ಹಲ್ಲಿನ ಡಾಕ್ಟರು ಕ್ಲಿನಿಕ್ ಖಾಲಿ ಮಾಡುವಾಗ
‘ಬೇಕಿದ್ದರೆ ಹೊತ್ತುಕೊಂಡು ಹೋಗು ಮುನಿಯಲ್ಲಪ್ಪ’ ಅಂದರು.
ಹೊತ್ತು ತಂದೆವು, ನಾನೂ ಆಟೋದವನೂ,
ಹನುಮಂತನಗರದ ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು:
ಗಾಜಿನ ತೊಟ್ಟಿ, ಇನ್ನೂರ ನಲವತ್ತು ಲೀಟರು,
ಅದರ ಕಾಲಡಿ, ಬೀರುವಿನೊಳಗೆ, ಸೋಸುವ ಇನ್ನೊಂದು ತೊಟ್ಟಿ.
ಮೇಲಿಂದ ಕೆಳಕ್ಕೆ ನೀರು ತಾನೇ ಬೀಳುತ್ತದೆ.
ಕೆಳಗಿಂದ ಮೇಲಕ್ಕೆ?
ಅದಕ್ಕೇ ಪಂಪು. ಅದೊಂದು ಮಾತ್ರ ಇರಲಿಲ್ಲ.

ಶಿವಾಜಿನಗರದ ಅಂತೋಣಪ್ಪನ ಅಂಗಡಿಯಲ್ಲಿ
ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಡಬ್ಬಿ ಕೊಟ್ಟ:
‘ಗಂಟೆಗೆ ಮೂರು ಸಾವಿರ ಲೀಟರು ಅಂಕಲ್,
ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?’

ಇಪ್ಪತ್ತಾರು ವರ್ಷ ವಾಲ್ವು ತಿರುಗಿಸಿದವನನ್ನು ಕೇಳುತ್ತಾನೆ.
ನಾಲ್ಕನೇ ಕ್ರಾಸಿಗೆ ಹನ್ನೊಂದು ಸುತ್ತು,
ಗುಡ್ಡದ ಮೇಲಿನ ಸಾಲಿಗೆ ಹದಿನೇಳೂವರೆ.
ಒಂದು ಸುತ್ತು ಹೆಚ್ಚಾದರೆ ತಗ್ಗಿನ ಮನೆಗಳ ಸಂಪು ಉಕ್ಕಿ
ರಸ್ತೆಯಲ್ಲಿ ನಿಂತ ಸ್ಕೂಟರು ತೊಳೆಯುತ್ತದೆ,
ಒಂದು ಕಡಿಮೆಯಾದರೆ ನನ್ನ ಫೋನು ಕೂಗುತ್ತದೆ.
ಜಾಸ್ತಿ ಅಂದರೆ, ಮಗು, ಬೇರೆ ಯಾರದೋ ಪಾಲು.
ಹೇಳಲಿಲ್ಲ. ದುಡ್ಡು ಕೊಟ್ಟು ತಂದೆ.

ಮೊದಲ ರಾತ್ರಿ
ತೊಟ್ಟಿಯ ಗಂಟಲಲ್ಲಿ ಗೊಳಗೊಳ, ಗಾಜಿನ ತುಂಬ ಸೋಡಾ ಗುಳ್ಳೆ.
ಏಂಜಲ್ ಮೀನುಗಳೆರಡೂ
ಫ್ಯಾನಿನ ಗಾಳಿಗೆ ಸಿಕ್ಕ ಕ್ಯಾಲೆಂಡರಿನ ಹಾಳೆ,
ಮೂಲೆಗೆ ಒತ್ತಿಕೊಂಡು ಪಟಪಟ.
ದೊಡ್ಡಮ್ಮಣ್ಣಿ ಮಗ್ಗುಲು ತಿರುಗಿ ಅಂದಳು:
‘ಬೀದಿ ಪೈಪು ಒಡೆದಿದೆ, ಎದ್ದು ಹೋಗ್ರೀ.’

ಎದ್ದೆ. ಇಪ್ಪತ್ತು ಲೀಟರಿನ ಪೇಂಟಿನ ಬಕೆಟ್ಟು,
ಕೈಗಡಿಯಾರದ ಸೆಕೆಂಡು ಮುಳ್ಳು.
ಪೈಪಿನ ಬಾಯಿ ಬಕೆಟ್ಟಿಗೆ ತಿರುಗಿಸಿ ಎಣಿಸಿದೆ: ಮೂವತ್ತಾರು.
ಅಂದರೆ ಗಂಟೆಗೆ ಎರಡು ಸಾವಿರ. ಇನ್ನೊಂದು ಸಾವಿರ ಎಲ್ಲಿ?
ನಾಲ್ಕೂವರೆ ಅಡಿ ಏರುವಾಗ, ಎರಡು ಮೊಣಕೈಯಲ್ಲಿ ಹೊರಳುವಾಗ
ದಾರಿಯಲ್ಲೇ ಸವೆದುಹೋಗಿದೆ.
ಡಬ್ಬಿಯ ಮೇಲೆ ಬರೆದದ್ದು ಏರದ ನೀರಿನ ಲೆಕ್ಕ.
ಈ ಊರಿನಲ್ಲಿ ಏರದೆ ಬಂದ ನೀರು ಯಾವುದಿದೆ?
ತೊರೆಕಾಡನಹಳ್ಳಿಯಿಂದ ಏದುಸಿರು ಬಿಡುತ್ತ ಬರುವ ಕಾವೇರಿಯನ್ನು ಕೇಳಿ.

ಈ ಮೀನಿಗೆ ಸಾಕಾದದ್ದು ಗಂಟೆಗೆ ಐದು ತಿರುವು.
ಇನ್ನೂರ ನಲವತ್ತೈದಲೆ ಸಾವಿರದ ಇನ್ನೂರು ಎಂದು
ಗೋಡೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆದೆ:
ಇನ್ನೂರ ನಲವತ್ತು, ಗುಣಿಸು ಐದು.
ನಿಮಿಷಕ್ಕೊಂದು ಬಕೆಟ್ಟು.
ಗುಟ್ಟಹಳ್ಳಿಯ ಬೀದಿನಲ್ಲಿಯಲ್ಲಿ ನಮ್ಮವ್ವನ ಕೊಡ
ತುಂಬುತ್ತಿದ್ದುದೂ ಸುಮಾರು ಅಷ್ಟೇ ಹೊತ್ತಿಗೆ,
ಯಾರೂ ಜಗಳ ತೆಗೆಯದ ದಿನ.

ಬೆಳಿಗ್ಗೆ ಡಬ್ಬಿ ವಾಪಸ್ಸು. ಅಂತೋಣಪ್ಪ ಕನ್ನಡಕದ ಮೇಲಿಂದ ನೋಡಿ
ಎರಡು ಸಾವಿರದ್ದೊಂದು ಕೊಟ್ಟು ಮುನ್ನೂರು ರೂಪಾಯಿ ಎಣಿಸಿದ.
‘ಸಣ್ಣದು ಬೇಕು ಅಂತ ಬಂದವರು ನೀವೇ ಮೊದಲು.’

ಬಕೆಟ್ಟು: ಐವತ್ತೇಳು.
ಹೊರಹೋಗುವ ಪೈಪಿನ ವಾಲ್ವನ್ನು ಎಳ್ಳಿನಷ್ಟು ತಿರುವಿದೆ. ಅರವತ್ತು.
ಗೊಳಗೊಳ ನಿಂತಿತು. ಆಗಲೇ ಕರೆಂಟೂ ಹೋಯಿತು.

ಕತ್ತಲಲ್ಲಿ ಬೀರುವಿನೊಳಗೆ ಬೆರಳಿಟ್ಟು ಕಾದೆ,
ಮೇಲಿನ ನೀರು ಹಿಂದಿರುಗಿ ಏರುತ್ತ ಬಂತು,
ಪೈಪಿಗೆ ನಾನೇ ಕೊರೆದ ತೂತು ಗಾಳಿ ಕುಡಿದು ಸೊರ್ ಅಂದಿತು.
ಅಂಚಿಗೆ ಮೂರು ಬೆರಳು ಇರುವಾಗ ನಿಂತಿತು ನೀರು.

ಕರೆಂಟು ಬಂದಾಗ ಮೀನುಗಳು ತೊಟ್ಟಿಯ ನಡುವೆ
ರೆಕ್ಕೆ ಬಿಚ್ಚಿ ಸುಮ್ಮನೆ ನಿಂತಿದ್ದವು.
ಫೋನು. ಮೂರನೇ ಕ್ರಾಸಿನ ಫಿಲೋಮಿನಾ ಟೀಚರು:
‘ನೀರೇನೋ ಬರ್ತಿದೆ, ಆದ್ರೆ ಸಣ್ಣಗೆ.’
‘ಒಂದು ಬಕೆಟ್ಟು ಇಡಿ ಟೀಚರ್’ ಅಂದೆ,
‘ಎಣಿಸಿ ಹೇಳಿ.’