ಕ್ರಿಯಾಪದ ಎಲ್ಲಿ?

ಗ್ರಿಮ್ಸ್‌ಬಿಯ ಲೈಬ್ರರಿ ಮಹಡಿ, ಗುರುವಾರ ಸಂಜೆ.
ಮೀನು ಕೊಯ್ದು ಬಂದ ಕೈಗಳಿಗೆ
ನಿಂಬೆ ಸೋಪಿನ ವಾಸನೆ, ಅದರಡಿ ಮೀನಿನದೇ.

ಹೆಸ್ಕೆತ್ ಮೇಡಂ ಬೋರ್ಡಿಗೆ ಬೆನ್ನು ಕೊಟ್ಟು ಹೇಳಿದರು:
ಪದಗುಚ್ಛ ಅಂದರೆ
ನಾಲ್ಕು ಪದ ಕೂಡಿ ಕೂತರೂ ವಾಕ್ಯವಾಗದ್ದು,
ಯಾರದೋ ಹೆಗಲು ಬೇಕಾದದ್ದು.
'ದ ಓಲ್ಡ್ ಬ್ಲೂ ಡೋರ್', ಇದು ನಾಮಪದದ ಗುಚ್ಛ.
ಬಾಗಿಲೇನೋ ಇದೆ; ತೆರೆಯಿತೋ ಮುಚ್ಚಿತೋ
ಹೇಳುವುದಿಲ್ಲ.
'ಅಂಡರ್ ದ ಬ್ರಿಡ್ಜ್': ಕೆಳಗೆ ಎಂಬುದು ಮೊದಲು,
ಸೇತುವೆ ಆಮೇಲೆ.
ಹನ್ನೊಂದು ವರ್ಷವಾದರೂ ನನ್ನ ನಾಲಿಗೆಗೆ
ಇದು ತಲೆಕೆಳಗೇ.

ಲೆತೆಬ್ರಹಾನ್ ಎದ್ದು ಓದಿದಳು:
'ಆನ್ ದ ಸೀ. ತ್ರೀ ನೈಟ್ಸ್.
ವಿತ್ ಮೈ ಲಿಟಲ್ ಬ್ರದರ್.'

ಚೆನ್ನಾಗಿದೆ. ಕ್ರಿಯಾಪದ ಎಲ್ಲಿ?
ಮೇಡಂ ಕೆಂಪು ಪೆನ್ನು ಬಿಚ್ಚಿದರು.
'ಈಸ್' ಹಾಕು, ಇಲ್ಲಾ 'ವಾಸ್'.

ಅವಳು ಹಾಳೆ ನೋಡಿದಳು, ಕಿಟಕಿ ನೋಡಿದಳು,
ಬೆರಳಿನ ಬ್ಯಾಂಡೇಜಿನ ಅಂಚು ಕಿತ್ತಳು.
ಇದ್ದಾನೆ. ಇದ್ದ.
ನಡುವೆ ಎಷ್ಟೊಂದು ನೀರು.

'ಹೀಗೇ ಇರಲಿ, ಮಿಸ್.'

ಪೆನ್ನಿನ ಮುಚ್ಚಳ ಎಲ್ಲೋ ಉರುಳಿತ್ತು.
ನಾವೆಲ್ಲ ಬಗ್ಗಿ ಬೆಂಚಿನಡಿ ಹುಡುಕಿದೆವು,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.